ನಾನು ನಿದರ್ಶನವಾಗಿಸಿದ ತಾಯಿ

ದಾದರ್ ಸ್ಟೇಷನ್ನಿನ ಹೊರಗೆ, ಹೂವಿನ ಮಾರುಕಟ್ಟೆಯ ತುದಿಯಲ್ಲಿ, ಮೊನ್ನೆ ಒಬ್ಬ ಅಂಗಡಿಯಾತ ಕೆಂಡದ ಮೇಲೆ ಸಾಂಬ್ರಾಣಿ ಎರಚಿದ. ಬಿಳಿಯ ಹೊಗೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿದ್ದವರು ಕಣ್ಣು ಮುಚ್ಚಿ ಕೈಮುಗಿದರು. ನನಗೆ ಆ ವಾಸನೆಯೊಂದಿಗೆ ಬಂದದ್ದು ಎದುರುಮನೆಯ ಆಂಟಿಯ ನೆನಪು...

ಎಂಬತ್ತರ ದಶಕದ ನಡುವೆ ನಾವು ಕಾಂಜೂರ್‌ಮಾರ್ಗದ ನಾಲ್ಕು ಮಹಡಿಯ ಬಿಲ್ಡಿಂಗೊಂದರಲ್ಲಿ ಇದ್ದೆವು. ಎದುರುಮನೆಯವರು ಮೈಸೂರಿನ ಕಡೆಯವರು. ಅಂಕಲ್ ವಿಮಾ ಕಚೇರಿಯಲ್ಲಿ ಅಧಿಕಾರಿ. ಉಪನಗರದ ಕನ್ನಡ ಸಂಘದಲ್ಲಿ ಅವರ ಮಾತಿಗೆ ತೂಕವಿತ್ತು. ಒಬ್ಬನೇ ಮಗ, ಹನ್ನೆರಡನೆಯ ತರಗತಿಯಲ್ಲಿದ್ದ. ಪ್ರತಿದಿನ ಸಂಜೆ, ಅಂಕಲ್ ಬರುವ ಲೋಕಲ್ ರೈಲಿಗೆ ಮುಂಚೆ, ಆಂಟಿ ಧೂಪಾರತಿ ಹಿಡಿದು ಕೋಣೆ ಕೋಣೆಗೂ ಸಾಂಬ್ರಾಣಿ ಹೊಗೆ ತೋರಿಸುತ್ತಿದ್ದರು. ಬಿಲ್ಡಿಂಗಿನ ಹೆಂಗಸರು ಅದನ್ನು ಭಕ್ತಿ ಎಂದು ತಿಳಿದರು. "ನಿಮ್ಮನೆ ಮಠ ಆಗೋಯ್ತಲ್ರೀ, ಇನ್ನು ಸ್ವಾಮಿಗಳೊಬ್ಬರು ಬರೋದು ಬಾಕಿ" ಎಂದು ನನ್ನ ತಾಯಿ ಕೀಟಲೆ ಮಾಡುತ್ತಿದ್ದರು. ಆಂಟಿ ನಗುತ್ತಿದ್ದರು.

ನಿಜ ಸಂಗತಿ ತಿಳಿದದ್ದು ಒಂದು ಮಧ್ಯಾಹ್ನ. ನಾನಾಗ ಎಂ.ಎ. ವಿದ್ಯಾರ್ಥಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ನಮ್ಮ ಹಜಾರದ ಗೋಡೆಯನ್ನು ತುಂಬಿದ್ದವು. ಅವನ್ನು ನೋಡಿಯೇ ಇರಬೇಕು, ಮಾತು ಬಲ್ಲವನು ಮನಸ್ಸನ್ನೂ ತಿರುಗಿಸಬಲ್ಲನೆಂದು ಆಂಟಿ ನಂಬಿದ್ದರು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೋರಿಸಿದರು. ಮಗನ ಪ್ಯಾಂಟು ಒಗೆಯುವಾಗ ಸಿಕ್ಕ ಗಾಂಜಾ. ಅವನ ಕೋಣೆಯ ಆ ವಾಸನೆಗೇ ಸಂಜೆಯ ಸಾಂಬ್ರಾಣಿ.

"ನಿನ್ನ ಮಾತು ಕೇಳ್ತಾನೆ ಕಣೋ ಅವನು, ನೀನೇ ಹೇಳು. ಇವರಿಗೆ ಮಾತ್ರ ಗೊತ್ತಾಗೋದು ಬೇಡ. ಗೊತ್ತಾದ ದಿನ ಅವನನ್ನ ಮನೇಲಿ ಇಟ್ಕೊಳ್ಳಲ್ಲ ಇವರು."

ನಾನು ಮಾತು ಕೊಟ್ಟೆ.

ಪವಾಯಿ ಕೆರೆಯ ದಂಡೆಯಲ್ಲಿ ಅವನನ್ನು ಕೂರಿಸಿಕೊಂಡು ಆರೋಗ್ಯ, ಭವಿಷ್ಯ, ದೇಶ ಎಂದು ಕ್ರಮವಾಗಿ ವಾದ ಮಂಡಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ನಕ್ಕ. "ಭೈಯ್ಯಾ, ಪಪ್ಪಾ ಟೆರೇಸ್ ಮೇಲೆ ಭಂಗ್ ಕುಡಿದ್ರೆ ಹೋಳಿ. ನಾನು ಸೇದಿದ್ರೆ ಚರ್ಸಿ, ನಶೆಗಾರ. ಸಹೀ ಹೈ ನಾ?"

ಅದು ಸುಳ್ಳಾಗಿರಲಿಲ್ಲ. ಹಿಂದಿನ ಹೋಳಿಯಲ್ಲಿ ಅಂಕಲ್ ಭಂಗ್ ಬೆರೆಸಿದ ಥಂಡಾಯಿಯನ್ನು ಎರಡು ಲೋಟ ಕುಡಿದು ಕನ್ನಡಕ ಜಾರಿ ಬೀಳುವಷ್ಟು ನಕ್ಕಿದ್ದರು; ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆದರೂ ಮತ್ತೆರಡು ಭಾನುವಾರ ಹೋದೆ. ವಾದ ಬಿಟ್ಟು ಸುಮ್ಮನೆ ಕೂತೆ. ಮೂರನೆಯ ಭಾನುವಾರ ಅವನೇ ಹೇಳಿದ: "ಎಕ್ಸಾಮ್ ತನಕ ಬಂದ್, ಪಕ್ಕಾ. ಮಮ್ಮಿಗೆ ಹೇಳು." ಆ ವಾರ ನಾಲ್ಕು ಸಂಜೆ ಎದುರುಮನೆಯಿಂದ ಸಾಂಬ್ರಾಣಿಯ ಹೊಗೆ ಬರಲಿಲ್ಲ.

ಐದನೆಯ ಸಂಜೆ ಕನ್ನಡ ಸಂಘದ ವಾರ್ಷಿಕ ಚರ್ಚಾಸ್ಪರ್ಧೆ. ವಿಷಯ: ದಾರಿ ತಪ್ಪಿದ ಮಕ್ಕಳಿಗೆ ಹೆತ್ತವರೇ ಹೊಣೆ. ಪತ್ರಿಕೆಗಳ ತುಂಬ ಹೆರಾಯಿನ್ ಜಾತಿಯ ಬ್ರೌನ್ ಶುಗರ್‌ನ ಸುದ್ದಿಯಿದ್ದ ಕಾಲವದು. ಎಲ್ಲ ಹೊಗೆಯೂ ಒಂದೇ ಎಂದು ಹೆತ್ತವರು ಬಗೆದಿದ್ದರು. ವಿಷಯದ ಪರ ನಿಂತ ನಾನೂ ಗಾಂಜಾವನ್ನು ಬ್ರೌನ್ ಶುಗರ್‌ನೊಂದಿಗೆ ಒಂದೇ ಹಗ್ಗದಲ್ಲಿ ಬಿಗಿದೆ. ಎದುರಾಳಿ ಎದ್ದು ನಿಂತು ಸವಾಲು ಹಾಕಿದ: "ನಮ್ಮ ಕನ್ನಡದ ಮನೆಗಳಲ್ಲಿ ಇಂಥದ್ದು ಎಲ್ಲಿದೆ ಸ್ವಾಮಿ? ಒಂದೇ ಒಂದು ನಿದರ್ಶನ ಕೊಡಿ!"

ನಿದರ್ಶನವಿಲ್ಲದ ವಾದಕ್ಕೆ ಅಂಕವಿಲ್ಲ. ಕಾಲೇಜು ನನಗೆ ಕಲಿಸಿದ ಮೊದಲ ಪಾಠವದು. ನಾನು ಕೊಟ್ಟೆ. ಹೆಸರು ಹೇಳಲಿಲ್ಲ. "ಸಂಜೆಯಾದೊಡನೆ ಸಾಂಬ್ರಾಣಿ ಹಾಕಿ, ಮಗನ ಹೊಗೆಯನ್ನು ದೇವರ ಹೊಗೆಯಲ್ಲಿ ಮುಚ್ಚುವ ತಾಯಿ ನಮ್ಮ ನಡುವೆಯೇ ಇದ್ದಾಳೆ!" ಸಭೆ ಭೋರ್ಗರೆಯಿತು. ಸಮಯಪಾಲಕರಾಗಿ ಗಂಟೆಯ ಮುಂದೆ ಕುಳಿತಿದ್ದವರು ಅಂಕಲ್. ನನ್ನ ಅವಧಿ ಮುಗಿದರೂ ಗಂಟೆ ಬಾರಿಸಲಿಲ್ಲ. ನನ್ನ ವಾಗ್ವೈಖರಿಗೆ ಮೈಮರೆತರೆಂದು ಭಾವಿಸಿ, ಇನ್ನೂ ಎರಡು ನಿಮಿಷ ಮಾತಾಡಿದೆ. ಮೊದಲ ಬಹುಮಾನ ಬಂತು.

ಮೂರನೆಯ ದಿನ ಅಂಕಲ್ ಮಗನನ್ನು ಕಾಲೇಜು ಬಿಡಿಸಿ ಕಲ್ಯಾಣದಾಚೆಯ ಒಂದು ಸುಧಾರಣಾ ಕೇಂದ್ರಕ್ಕೆ ಸೇರಿಸಿದರು. ಪರೀಕ್ಷೆ ಬರೆಯಲಿಲ್ಲ. ಅಲ್ಲಿದ್ದವರು ನಿಜವಾಗಿ ಬ್ರೌನ್ ಶುಗರ್‌ಗೆ ಬಿದ್ದವರು. ಮೂರು ವಾರಗಳ ಅನಂತರ ಅವರಲ್ಲಿ ಇಬ್ಬರೊಂದಿಗೆ ಗೋಡೆ ಹಾರಿದವನು ಮನೆಗೆ ಬರಲಿಲ್ಲ. ಧಾರಾವಿಯಲ್ಲಿ ಕಂಡನೆಂದರು ಕೆಲವರು. ದಾದರ್ ಸೇತುವೆಯ ಕೆಳಗೆ, ಬೆಳ್ಳಿಕಾಗದದ ಮೇಲೆ ಬ್ರೌನ್ ಶುಗರ್ ಸುಟ್ಟು ಹೊಗೆ ಎಳೆಯುವವರ ಗುಂಪಿನಲ್ಲಿ ಕಂಡನೆಂದರು ಇನ್ನು ಕೆಲವರು. ನನ್ನ ಭಾಷಣದ ಹಗ್ಗ ಹೀಗೆ ನಿಜವಾಯಿತು.

ಆಂಟಿ ಅವನ ಫೋಟೋ ಹಿಡಿದು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಅಲೆದರು. ಒಮ್ಮೆ ಮೆಟ್ಟಿಲಲ್ಲಿ ಎದುರಾದಾಗ ನಾನು ಗೋಡೆಗೆ ಸರಿದೆ. ಅವರು ನಿಂತರು.

"ತುಂಬ ಚೆನ್ನಾಗಿ ಮಾತಾಡಿದೆಯಂತೆ. ಇವರೇ ಹೇಳಿದ್ರು."

ಅಷ್ಟೇ. ಆಮೇಲೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ಮುಂದಿನ ಹೋಳಿಗೆ ಅಂಕಲ್ ಎಂದಿನಂತೆ ಟೆರೇಸಿಗೆ ಬಂದು ಥಂಡಾಯಿಯ ಲೋಟಕ್ಕೆ ಕೈ ಚಾಚಿದರು. ಯಾರಿಗೂ ಅಸಹಜವೆನಿಸಲಿಲ್ಲ. ನಮ್ಮ ಹೆತ್ತವರಿಗೆ ಎರಡೇ ದಾರಿ ಗೊತ್ತಿತ್ತು, ಮುಚ್ಚುವುದು ಇಲ್ಲವೇ ಹೊರಗಟ್ಟುವುದು. ಮುಚ್ಚಿದಾಕೆ ಮಗನನ್ನು ಮನೆಯಲ್ಲಾದರೂ ಉಳಿಸಿಕೊಂಡಿದ್ದಳು. ಸಮಾಜವನ್ನು ತಿದ್ದಲು ಹೊರಟ ನಾನು ಅದನ್ನೂ ಕಸಿದೆ... ಮರುವರ್ಷ ಅವರಿಬ್ಬರೂ ಮನೆ ಖಾಲಿ ಮಾಡಿ ಡೊಂಬಿವ್ಲಿಗೆ ಹೋದರು. ಕ್ಷಮೆ ಕೇಳಬೇಕೆಂದು ಎಷ್ಟೋ ಬಾರಿ ಪೀಠಿಕೆ, ಉಪಸಂಹಾರ ಸಹಿತ ಮಾತು ಸಿದ್ಧಪಡಿಸಿಕೊಂಡೆ, ಹೋಗಲಿಲ್ಲ.

ನಿನ್ನೆ ಸಂಘದ ಈಗಿನ ಕಾರ್ಯದರ್ಶಿ ಫೋನ್ ಮಾಡಿದ್ದರು. "ಸರ್, ನಿಮ್ಮ ಆ ಫೇಮಸ್ ಭಾಷಣ ಸ್ಮರಣ ಸಂಚಿಕೆಗೆ ಬೇಕಿತ್ತು. ಹಳಬರು ಈಗಲೂ ಹೇಳ್ತಿರ್ತಾರೆ." ಪ್ರತಿ ಇಲ್ಲ ಎಂದೆ. ಸುಳ್ಳು ಹೇಳಿದೆ.

"ಇರಲಿ ಬಿಡಿ. ಶ್ರದ್ಧಾಂಜಲಿ ಪುಟಕ್ಕೆ ಎರಡು ಸಾಲು ಬರೆದುಕೊಡ್ತೀರಾ? ಟೈಮ್‌ಕೀಪರ್ ಆಗಿದ್ರಲ್ಲ, ಅವರ ಮಿಸೆಸ್ ಹೋದ ತಿಂಗಳು ತೀರಿಕೊಂಡ್ರು, ಡೊಂಬಿವ್ಲೀಲಿ. ನಿಮ್ಮ ನೇಬರ್ಸ್ ಅಂತೆ. ದಂಪತಿಗೆ ಮಕ್ಕಳಿರಲಿಲ್ಲ ಅಂತ ಹಾಕಿದ್ದೀವಿ, ಸರಿ ತಾನೆ?"

"ಒಬ್ಬ ಮಗನಿದ್ದ."

"ಹೌದಾ? ಏನ್ ಮಾಡ್ಕೊಂಡಿದ್ದಾರೆ ಸರ್ ಈಗ?"

ಹನ್ನೆರಡನೆಯ ತರಗತಿಯಲ್ಲಿದ್ದ, ಎಂದೆ.