ಬಾವಿ ಸೇದುವ ಕೈಗೆ ಚರ್ಚಿನ ಹಗ್ಗ

ಹಗ್ಗ ಸರ್ರನೆ ಮೇಲೆ ಹೋಯಿತು, ಅದರ ಜೊತೆ ನನ್ನ ಹಿಮ್ಮಡಿಗಳೂ ನೆಲ ಬಿಟ್ಟವು. ಶಿರಾಳಕೊಪ್ಪದ ಹತ್ತಿರ ನಮ್ಮೂರ ಹಳೇ ಚರ್ಚಿನ ಗಂಟೆಗೋಪುರದಲ್ಲಿ, ಈ ವಯಸ್ಸಿನಲ್ಲಿ, ನಾನು ಜೋತುಬಿದ್ದು ಕಿಲಕಿಲ ನಗುತ್ತಿದ್ದೆ.

ಹೊಲದಲ್ಲಿ ದಿನಾ ಹನ್ನೆರಡಕ್ಕೆ ಆ ಗಂಟೆ ಕೇಳಿಯೇ ನಾವು ಬುತ್ತಿ ಬಿಚ್ಚುವುದು. ಆದರೆ ನಾಚಿಕೆಗೆ ಒಳಗೆ ಕಾಲಿಟ್ಟವಳಲ್ಲ. ಅಂದು ಚರ್ಚು ಗುಡಿಸುವ ಗೆಳತಿ ತೆರೆಜಮ್ಮ ಎಳೆದುಕೊಂಡು ಹೋದಳು. ಬಾಗಿಲ ಕಮಾನಿನಲ್ಲಿ ಶಿಲುಬೆಯ ಕೆಳಗೊಂದು ಕಲ್ಲಿನ ತಾವರೆ. ಕೆತ್ತಿದವರು ತೊಗರ್ಸಿ ಕಡೆಯವರಂತೆ, ಗುಡಿ ಕಟ್ಟಿ ರೂಢಿಯಾದ ಕೈ ಇಲ್ಲೂ ಸುಮ್ಮನಿರಲಿಲ್ಲವಂತೆ. ಎರಡು ಮೊಳ ದಪ್ಪದ ಗೋಡೆ, ಒಳಗೆ ಮಡಕೆ ನೀರಿನ ತಂಪು. ಅಲ್ಲೇ ಹಗ್ಗ ತೂಗುತ್ತಿತ್ತು.

“ಮೆಲ್ಲಗೆ ಮುಟ್ಟಿ ನೋಡು ಮಾರಾಯ್ತಿ” ಎಂದಳು. ನನ್ನದು ಬಾವಿ ಸೇದುವ ಕೈ. ತುಂಬಿದ ಕೊಡ ಎಳೆಯುವಂತೆ ಜಗ್ಗಿಬಿಟ್ಟೆ.

ಢಣ್ ಢಣ್! ಹೊತ್ತು ಇನ್ನೂ ಹನ್ನೊಂದು. ಕಿಟಕಿಯಾಚೆ ಮೆಕ್ಕೆಜೋಳದ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ, ನನ್ನ ಸೊಸೆಯೇ ಮುಂದಾಗಿ, ಊಟಕ್ಕೆಂದು ಮರದಡಿಗೆ ಹೊರಟಿದ್ದರು!

ಫಾದರ್ ಓಡಿಬಂದು, “ಏನಮ್ಮಾ ತೆರೆಜಾ, ಹೊತ್ತು ಗೊತ್ತಿಲ್ವಾ?” ಎಂದು ಗದರಿದರು. ಪಾಪ, ಅವಳು ತಲೆ ತಗ್ಗಿಸಿದಳು. ಪರ ಗಂಡಸರೆದುರು ಬಾಯಿ ಬಿಡದ ನಾನು ಸೆರಗು ಬಿಗಿಹಿಡಿದು ಹೇಳಿಯೇಬಿಟ್ಟೆ. “ಅವಳಲ್ರೀ, ಜಗ್ಗಿದ್ದು ನಾನ್ರೀ.”

ಅವರು ನನ್ನನ್ನು ನೋಡಿದರು, ಕಿಟಕಿಯಾಚೆ ನೋಡಿದರು, ನಕ್ಕುಬಿಟ್ಟರು. “ಹಂಗಾದ್ರೆ ಹನ್ನೆರಡರದ್ದೂ ನೀವೇ ಜಗ್ಗಿ ಹೋಗ್ರಿ ಅಜ್ಜಿ.”

ಜಗ್ಗಿದೆ ಮಕ್ಕಳೇ! ಅಂದು ಹೊಲದವರು ಎರಡು ಸಲ ಬುತ್ತಿ ಬಿಚ್ಚಿದರು. ಈಗಲೂ ಹನ್ನೆರಡರ ಗಂಟೆ ಕೇಳಿದರೆ ನಿಮ್ಮ ಅಜ್ಜಿಯ ಹಿಮ್ಮಡಿ ತಾನಾಗಿ ಮೇಲೇಳುತ್ತದೆ.