ಹೊಸ್ತಿಲು ದಾಟದ ಘಾಟು

ಇದನ್ನು ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ನಾನು ರಸಾಯನಶಾಸ್ತ್ರ ಕಲಿಸುವವಳು. ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ರಾತ್ರಿ ನಾನು ಆ ಕೋಣೆಯೊಳಗೇ ಇದ್ದೆ. ಕೊಡಲಿಯ ಕಾವು ಬಡಿದ ಬಲಭುಜ ಚಳಿ ಬಿದ್ದರೆ ಇನ್ನೂ ನೋಯುತ್ತದೆ. ಉಳಿದದ್ದೆಲ್ಲ ಭ್ರಮೆ ಎಂದರೂ ಈ ನೋವು ಭ್ರಮೆಯಲ್ಲವಲ್ಲ...

ಆಗ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬ್ಯಾಡಗಿಯಲ್ಲಿ ನೀಲವ್ವ ಎಂಬವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ನೀಲವ್ವ, ಅವರ ಮಗ ಮಹಾಂತೇಶ, ಸೊಸೆ ಶೈಲಾ. ಮಹಾಂತೇಶ ಲಾರಿ ಓಡಿಸುತ್ತಿದ್ದ. ಕುಡಿಯದಿದ್ದಾಗ ಮಾತೇ ಇಲ್ಲದ ಮನುಷ್ಯ. ಕುಡಿದ ಮರುದಿನ ಶೈಲಾ ಬೆನ್ನು ಗೋಡೆಗೆ ತಾಗದ ಹಾಗೆ ಎಚ್ಚರದಿಂದ ಕೂರುತ್ತಿದ್ದಳು.

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಎಷ್ಟೋ ಮನೆಗಳಲ್ಲಿ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ. ನೀಲವ್ವನ ಪಡಸಾಲೆಯ ತುಂಬ ಚೀಲಗಳು. ಹಗಲೆಲ್ಲ ಓಣಿಯ ಹೆಂಗಸರು ಅಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಖಾಲಿ ಉಳಿದಿದ್ದು ದೇವರ ಕೋಣೆಯೊಂದೇ. ಸ್ನಾನ ಮಾಡದೆ ಅದರ ಹೊಸ್ತಿಲು ದಾಟುವಂತಿರಲಿಲ್ಲ. ಮಹಾಂತೇಶ ಎಷ್ಟೇ ಕುಡಿದು ಬಂದರೂ ಅಲ್ಲಿ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ಚಿಕ್ಕಂದಿನಿಂದ ಬಂದ ರೂಢಿ.

ಸಂಜೆ ನೀಲವ್ವ ಅಲ್ಲಿ ಇಷ್ಟಲಿಂಗ ಪೂಜೆಗೆ ಕೂರುತ್ತಿದ್ದರು. ಎಡ ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ದೀಪ, ಅರೆ ತೆರೆದ ಕಣ್ಣು. ಮುಗಿಯುವ ತನಕ ಯಾರ ಜೊತೆಗೂ ಮಾತಿಲ್ಲ, ಎದ್ದೇಳುವುದಿಲ್ಲ. ಗಂಡನನ್ನೂ ಬೇರೆ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಹೆಂಗಸು, ಆದರೆ ಅವರ ಮುಖದಲ್ಲಿ ಒಂದು ತುಂಬಿದ ಕಳೆ ಇತ್ತು. ಅದು ಎಲ್ಲಿಂದ ಬಂತೆಂದು ನಾನು ಒಮ್ಮೆ ಕೇಳಿದ್ದೆ.

"ಮೊದಲ ನಾ ಭಾಳ ಅಳತಿದ್ದೆ ತಂಗಿ. ಈಗ ಅವ ಬಂದು ಒಳಗ ಕುಂತಾನ. ನನಗ ಏನೂ ಕಮ್ಮಿ ಇಲ್ಲ."

"ಮಾತಾಡ್ತಾನೇನು?" ಎಂದು ತಮಾಷೆ ಮಾಡಿದೆ.

"ಆಡ್ತಾನ. ನಿನ್ನಷ್ಟು ಆಡೂದಿಲ್ಲ."

ಆ ರಾತ್ರಿ ಕಳೆದರೆ ಶೈಲಾ ಮನೆ ಬಿಡುವುದೆಂದು ನಿರ್ಧಾರವಾಗಿತ್ತು. ಹಾವೇರಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮಹಾಂತೇಶ ಲೋಡ್ ತುಂಬಿಕೊಂಡು ಕೇರಳದ ಕಡೆ ಹೊರಟಿದ್ದ. ಬೆಳಗಾದರೆ ನಾನೇ ಅವಳನ್ನು ಹಾವೇರಿಗೆ ಮುಟ್ಟಿಸಿ ಬರುವುದಿತ್ತು. ಅವಳ ಚೀಲಕ್ಕೆ ರೊಟ್ಟಿ ಕಟ್ಟಿ ಇಟ್ಟಿದ್ದು ನೀಲವ್ವನೇ. ಯಾರು ಹೇಳಿದರೋ ಗೊತ್ತಿಲ್ಲ. ಮೋಟೆಬೆನ್ನೂರಿನ ಹತ್ತಿರ ಅವನಿಗೆ ಫೋನ್ ಹೋಯಿತಂತೆ. ಲಾರಿ ತಿರುಗಿಸಿದ.

ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ಕರೆಂಟ್ ಇರಲಿಲ್ಲ. ನೀಲವ್ವ ಪೂಜೆಗೆ ಕೂತಿದ್ದರು. ಓಣಿಯಲ್ಲಿ ಲಾರಿ ನಿಂತ ಸದ್ದು... ಇಂಜಿನ್ ಆರಲಿಲ್ಲ. ಡೀಸೆಲ್ ವಾಸನೆ ಮೊದಲು ಬಂತು, ಆಮೇಲೆ ನನ್ನ ಕೋಣೆಯ ಕಿಟಕಿಯ ಗಾಜು ಒಳಗೆ ಬಂದು ಬಿತ್ತು.

"ಎಲ್ಲಿ ಅದಾಳ?"

ಪಡಸಾಲೆಯಲ್ಲಿ ಅವನ ಎದುರು ಸಿಕ್ಕಿದ್ದು ನಾನು. ಏನೋ ಹೇಳಲು ಹೋದೆ. ಕೊಡಲಿಯ ಕಾವು ಭುಜಕ್ಕೆ ಬಿತ್ತು. ನಾನು ಚೀಲಗಳ ಮೇಲೆ ಬಿದ್ದೆ. ಹಿಂದೆ ನಿಂತಿದ್ದ ಶೈಲಾ ಕೈ ಅಡ್ಡ ಹಿಡಿದಳು. ಅಲಗು ಅವಳ ಮುಂಗೈಯನ್ನು ಸೀಳಿಕೊಂಡು ಹೋಗಿ ಕಂಬಕ್ಕೆ ಕಚ್ಚಿತು. ಅವನು ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ನಾವಿಬ್ಬರೂ ದೇವರ ಕೋಣೆಗೆ ನುಗ್ಗಿ ಅಗುಳಿ ಹಾಕಿದೆವು. ಆ ಮನೆಯಲ್ಲಿ ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು. ಅವನು ಕಾಲಿಡದ ಜಾಗ ಅದೊಂದೇ. ಆದರೆ ಅದಕ್ಕೆ ಇನ್ನೊಂದು ಬಾಗಿಲಿಲ್ಲ ಎಂಬುದು ಆ ಕ್ಷಣ ಹೊಳೆಯಲಿಲ್ಲ.

ಬಾಗಿಲ ಮೇಲೆ ಏಟು ಬಿತ್ತು. ಇನ್ನೊಂದು. ಹಲಗೆ ಸೀಳಿತು, ಅಗುಳಿ ಹಾರಿತು, ಬಾಗಿಲು ಒಂದೇ ತಿರುಗಣಿಯ ಮೇಲೆ ಜೋತಾಡಿತು. ಶೈಲಾ ನನ್ನನ್ನು ತಬ್ಬಿಕೊಂಡಳು.

ಅವನು ಹೊಸ್ತಿಲಿನ ಆಚೆ ನಿಂತುಬಿಟ್ಟ.

"ಹೊರಗ ಬಾ ಶೈಲಾ." ದನಿ ತೀರ ಮೆತ್ತಗಿತ್ತು. "ನಾ ಒಳಗ ಬರೂದಿಲ್ಲ. ಮೈ ತೊಳಕೊಂಡಿಲ್ಲ."

ಕೊಡಲಿಗಿಂತ ಆ ಮಾತಿಗೆ ನನಗೆ ಹೆಚ್ಚು ಹೆದರಿಕೆಯಾಯಿತು.

ನೀಲವ್ವ ತಿರುಗಿ ನೋಡಲಿಲ್ಲ. ಅವರ ಅಂಗೈ ಅಲುಗಿರಲಿಲ್ಲ.

"ಯವ್ವಾ, ಅಕಿನ್ನ ಕಳಸು ಬೇ. ನಿನಗ ಏನೂ ಮಾಡೂದಿಲ್ಲ."

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ, "ಆತು, ತಾನ ಬರ್ತಾಳ" ಎಂದು ತನಗೆ ತಾನೇ ಅಂದುಕೊಂಡು ಪಡಸಾಲೆಯ ಚೀಲಗಳನ್ನು ಒಂದೊಂದಾಗಿ ಬಾಗಿಲಿನ ಹತ್ತಿರಕ್ಕೆ ಎಳೆಯತೊಡಗಿದ. ಸರ್ರ್... ಸರ್ರ್... ಡೀಸೆಲ್ ಕ್ಯಾನಿನ ಮುಚ್ಚಳ ಬಿಚ್ಚಿದ ಸದ್ದು. ಕಡ್ಡಿ ಗೀರಿದ ಸದ್ದು.

ನಾಲ್ಕು ಒಣಮೆಣಸಿನಕಾಯಿ ಹಂಚಿನ ಮೇಲೆ ಸೀದರೆ ಮನೆಮಂದಿಯೆಲ್ಲ ಹೊರಗೆ ಓಡುತ್ತಾರೆ. ಇಲ್ಲಿ ಚೀಲಚೀಲವೇ ಹೊತ್ತಿಕೊಂಡು, ಉರಿಗಿಂತ ಹೆಚ್ಚಾಗಿ ಹೊಗೆಯಾಡುತ್ತಿತ್ತು. ಓಣಿಯಲ್ಲಿ ಜನ ಕೂಗುತ್ತಿದ್ದುದು ಕೇಳಿತು. ಕೂಗು ಕೆಮ್ಮಾಯಿತು, ಕೆಮ್ಮು ದೂರ ಓಡಿತು. ಕೋಣೆಗೆ ಕಿಟಕಿ ಇಲ್ಲ, ಮೇಲೆ ಮುಷ್ಟಿಯಷ್ಟು ಒಂದು ಗವಾಕ್ಷಿ. ಮುಂದೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಗಂಟಲು ಬಿಗಿಯುತ್ತದೆ, ಆಮೇಲೆ ಉಸಿರು. ಶೈಲಾಳ ರಕ್ತ ನನ್ನ ತೊಡೆಯ ಮೇಲೆ ಬಿಸಿಯಾಗಿ ಹರಿಯುತ್ತಿತ್ತು. ಸೆರಗಿನಿಂದ ಅವಳ ಮೂಗು ಮುಚ್ಚಿದೆ, ನನ್ನದನ್ನೂ ಮುಚ್ಚಿಕೊಂಡೆ.

ಹೊಗೆ ಒಳಗೆ ಬಂತು.

ಬರಲಿಲ್ಲ ಎಂದು ನಾನು ಹೇಳುತ್ತಿಲ್ಲ. ನೆಲ ಹಿಡಿದು ಬಂತು, ನಮ್ಮ ಕಾಲು ಸುತ್ತಿತು, ನೀಲವ್ವನ ಸೊಂಟದವರೆಗೆ ಏರಿತು. ಉಸಿರು ಬಿಗಿ ಹಿಡಿದಿದ್ದೆ, ಎಷ್ಟು ಹೊತ್ತು ಹಿಡಿಯಲಿ... ಬಿಟ್ಟೆ. ಎಳೆದುಕೊಂಡೆ.

ಏನೂ ಆಗಲಿಲ್ಲ.

ವಿಭೂತಿಯ ವಾಸನೆ. ಎಣ್ಣೆಬತ್ತಿಯ ವಾಸನೆ. ಅಷ್ಟೇ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ದೀಪದ ಕುಡಿ ನೆಟ್ಟಗೆ ನಿಂತಿತ್ತು.

ನೀಲವ್ವನ ತುಟಿ ಅಲುಗುತ್ತಿತ್ತು. ಏನೋ ಪಿಸುಗುಟ್ಟುವರು, ನಿಲ್ಲಿಸುವರು. ಸ್ವಲ್ಪ ಹೊತ್ತು ಬಿಟ್ಟು 'ಹೂಂ' ಎನ್ನುವರು. ಮಂತ್ರ ಹಾಗಿರುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಮಾತಾಡುವಾಗ ನಮಗೆ ಒಂದೇ ಕಡೆಯದು ಕೇಳುತ್ತದಲ್ಲ, ಹಾಗಿತ್ತು.

ಆಗ ನನ್ನೊಳಗೆ ಒಂದು ಶಾಂತಿ ಇಳಿಯಿತು. ಅದನ್ನು ಹೇಗೆ ಹೇಳಲಿ? ಬಹಳ ದಿನದ ಜ್ವರ ಬಿಟ್ಟ ಬೆಳಿಗ್ಗೆ ಹಾಸಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತೇವಲ್ಲ, ಹಾಗೆ. ನಾಳೆ ಎಂಬುದು ಇರಲಿಲ್ಲ, ಭುಜ ನೋಯುತ್ತಿರಲಿಲ್ಲ. ಈಗ ಸತ್ತರೂ ಏನೂ ಕಡಿಮೆಯಾಗುವುದಿಲ್ಲ ಎಂದು ಸ್ಪಷ್ಟವಾಗಿ ಅನಿಸಿತು. ನಾನು ದೇವರನ್ನು ನೆನೆದಿರಲಿಲ್ಲ. ಬೇಡಿರಲಿಲ್ಲ. ಆದರೂ ಯಾರೋ ತೀರ ಹತ್ತಿರ ಬಂದು ಕೂತ ಹಾಗಿತ್ತು.

ಹೊಸ್ತಿಲಿನ ಆಚೆ ಮಹಾಂತೇಶ ಕೆಮ್ಮಿದ.

ನಾವು ಓಡಿ ಬಂದರೆ ಹಿಡಿಯಲೆಂದು ಅಲ್ಲೇ ನಿಂತಿದ್ದವನು. ಅದೇ ಹೊಗೆ ಅವನನ್ನು ಮುಳುಗಿಸಿತ್ತು. ಕೊಡಲಿ ಒಳಕ್ಕೆ ಬಿತ್ತು. ಅವನು ಮೊಣಕಾಲೂರಿದ, ಮಗುಚಿ ಬಿದ್ದ, ಎರಡೂ ಕೈಯಿಂದ ಗಂಟಲು ಪರಚಿಕೊಂಡ. ಬಾಯಲ್ಲಿ ಕೆಂಪು ನೊರೆ. ಅವನ ಉಗುರು ಹೊಸ್ತಿಲಿನ ಕಟ್ಟಿಗೆಯನ್ನು ಕೆರೆಯುತ್ತಿತ್ತು... ಕರ್ರ್... ಕರ್ರ್... ನನ್ನಿಂದ ಒಂದು ಮಾರು ದೂರದಲ್ಲಿ. ನಾನು ಸುಖವಾಗಿ ಉಸಿರಾಡುತ್ತ ಅದನ್ನು ನೋಡುತ್ತಿದ್ದೆ. ಕೈ ಚಾಚಬೇಕು ಎಂದು ಅನಿಸಲೇ ಇಲ್ಲ.

ಕೆರೆಯುವ ಸದ್ದು ನಿಧಾನವಾಯಿತು.

ಶೈಲಾ ಎದ್ದಳು. ಕೊಡಲಿಯ ಹತ್ತಿರ ಹೋಗಿ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು, ಯಾರೋ ಹೆಸರು ಹಿಡಿದು ಕರೆದ ಹಾಗೆ ತಲೆ ಓರೆ ಮಾಡಿ. ಆಮೇಲೆ ಕೊಡಲಿ ದಾಟಿ, ಸೀಳಿದ ಕೈಯಿಂದಲೇ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಒಳಗೆ ಎಳೆದಳು. ಚಪ್ಪಲಿ, ಡೀಸೆಲ್, ಸಾರಾಯಿ ವಾಸನೆ, ಎಲ್ಲದರ ಸಮೇತ ಅವನು ಹೊಸ್ತಿಲು ದಾಟಿದ. ತಲೆ ತಾಯಿಯ ಮೊಣಕಾಲಿನ ಹತ್ತಿರ ಬಂದು ಬಿತ್ತು.

ಅವನಿಗೆ ಉಸಿರು ಬಂತು. ಬಾವಿಯೊಳಗಿಂದ ಮೇಲೆದ್ದವನ ಹಾಗೆ ಒಂದು ಉದ್ದ ಉಸಿರು. ಆಮೇಲೆ ಅಳು.

ನೀಲವ್ವ ಪೂಜೆ ಮುಗಿಸಿದರು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಬಲಗೈಯನ್ನು ಮಗನ ತಲೆಯ ಮೇಲಿಟ್ಟರು. ಎಡಗೈಯಿಂದ ಸೊಸೆಯ ಗಾಯ ಒತ್ತಿ ಹಿಡಿದರು.

ಬೆಂಕಿ ಆರಿಸುವವರು ಬಂದು ನಮ್ಮನ್ನು ಹೊರಗೆ ಸಾಗಿಸಿದರು. ನನ್ನ ತಲೆ ಹೊಸ್ತಿಲು ದಾಟಿದ್ದೇ ತಡ, ಘಾಟು ಗಂಟಲಿಗೆ ಕೈ ಹಾಕಿದ ಹಾಗೆ ಹಿಡಿಯಿತು. ಆಮೇಲಿನದು ನೆನಪಿಲ್ಲ.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮ ಎದೆಯ ಎಕ್ಸ್‌ರೇ ಮತ್ತೆ ತೆಗೆಸಿದರು. ಓಣಿಯ ಕೊನೆಯ ಮನೆಯವರಿಗೆ ಆಕ್ಸಿಜನ್ ಹಾಕಿದ್ದರು, ನಮ್ಮ ಪುಪ್ಪುಸ ಮಾತ್ರ ಶುದ್ಧ. ಗವಾಕ್ಷಿಯಿಂದ ಗಾಳಿ ಬಂದಿರಬೇಕು ಎಂದರು. ನಾನೂ ಕಾಗದದ ಮೇಲೆ ಕೋಣೆಯ ಚಿತ್ರ ಬರೆದು, ಗಾಳಿಯ ಬಾಣ ಹಾಕಿ ನೋಡಿದ್ದೇನೆ. ಹೊಂದುವುದಿಲ್ಲ. ಹೊಗೆ ಒಳಗಿತ್ತು, ನಾನು ನೋಡಿದ್ದೇನೆ.

ಕೈಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಶೈಲಾ ಆ ರಾತ್ರಿಯೇ ಕೇಳಿದಳು.

"ಅಕ್ಕಾರ, 'ಅವನ್ನ ಒಳಗ ಎಳಕೋ' ಅಂತ ಹೇಳಿದವ್ರು ನೀವಲ್ಲೇನ್ರಿ?"

"ನಾನು ಬಾಯಿ ಬಿಟ್ಟಿಲ್ಲ."

"ಅತ್ತಿ ಪೂಜಿಯೊಳಗ ಮಾತಾಡೂದಿಲ್ಲ..." ಅವಳು ಹೊಲಿಗೆ ಹಾಕಿದ ಕೈಯನ್ನು ನೋಡಿಕೊಂಡಳು. "ನಾ ಕೊಡಲಿ ತಗೊಳಾಕಂತನ ಎದ್ದಿದ್ದೆರಿ."

ನೀಲವ್ವನನ್ನು ಕೇಳಲು ನನಗೆ ತಿಂಗಳೇ ಬೇಕಾಯಿತು. ಆ ರಾತ್ರಿ ದೇವರ ಹತ್ತಿರ ಏನು ಬೇಡಿಕೊಂಡಿರಿ, ಮಗನನ್ನು ಉಳಿಸು ಅಂತಲೋ, ಸೊಸೆಯನ್ನೋ?

"ಏನೂ ಬೇಡಲಿಲ್ಲ ತಂಗಿ. ಇಬ್ಬರೂ ನಿನ್ನವ್ರು, ಅಂದೆ."

"ಅವ ಏನಂದ?"

ಅವರು ನನ್ನ ಮುಖವನ್ನೇ ನೋಡಿದರು. ನಿಜವಾಗಿಯೂ ಆಶ್ಚರ್ಯಪಟ್ಟವರ ಹಾಗೆ.

"ನಿನಗ ಕೇಳಸಲಿಲ್ಲೇನು?"

ಇಲ್ಲ ಎಂದೆ. ಅವರು ನನ್ನ ಕೈ ತಟ್ಟಿದರು.

ಮಹಾಂತೇಶ ಜೈಲಿನಲ್ಲಿದ್ದಾನೆ, ಕೇಸು ನಡೆದಿದೆ. ನೀಲವ್ವ ಅವನನ್ನು ನೋಡಿ ಬರುತ್ತಾರೆ. ಹಿಂದಿರುಗುವಾಗ ಶೈಲಾಳನ್ನೂ ಮಾತಾಡಿಸಿ ಬರುತ್ತಾರೆ. ಶೈಲಾ ಅವನ ಸುದ್ದಿ ಕೇಳುವುದಿಲ್ಲ. ಕೆಲಸ ಚೆನ್ನಾಗಿದೆಯಂತೆ, ನಿದ್ದೆ ಬರುತ್ತದಂತೆ.

ನಾನು ರಾಣೆಬೆನ್ನೂರಿಗೆ ಮನೆ ಬದಲಿಸಿದೆ. ಈಗ ನಾನೂ ಸಂಜೆ ದೀಪ ಹಚ್ಚಿ ಕೂರುತ್ತೇನೆ. ಆ ಶಾಂತಿ ಬರುತ್ತದೆ. ಕೆಲವು ದಿನ ಬೇಗ, ಕೆಲವು ದಿನ ತಡವಾಗಿ, ಆದರೆ ಖಂಡಿತ ಬರುತ್ತದೆ. ಯಾರೋ ಪಕ್ಕದಲ್ಲಿ ಬಂದು ಕೂರುತ್ತಾರೆ. ಏನೂ ಕಡಿಮೆ ಅನಿಸುವುದಿಲ್ಲ.

ಆಗಲೇ ನನಗೆ ಹೆದರಿಕೆಯಾಗುತ್ತದೆ. ಥಟ್ಟನೆ ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತೇನೆ... ಹೊಸ್ತಿಲಿನ ಆಚೆ ಯಾರಾದರೂ ಬಿದ್ದಿದ್ದಾರೆಯೇ ಎಂದು.