ಮೂರನೇ ಸಲ ಬಾರದ ಕರೆ

ನನ್ನ ತಂಗಿಗೆ ಬಂದ ಕರೆಯ ವಿಷಯವನ್ನು ನಾನು ಅವಳಿಗೆ ಹೇಳಲಿಲ್ಲ. ಫೋನ್ ನನ್ನ ಕೈಯಲ್ಲಿತ್ತು. ಅವಳು ಹತ್ತು ಹೆಜ್ಜೆ ದೂರದಲ್ಲಿ, ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿದ್ದಳು. ಒಂದು ಕೂಗು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡೆ, ಒಂದೇ ಚಾಪೆಯಲ್ಲಿ ಮಲಗಿದೆ, ಆದರೂ ಹೇಳಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಪ್ಪ ತೀರಿಕೊಂಡ ವರ್ಷ ಅದು. ಅವ್ವ ಕೂಲಿಗೆ ಹೋಗುತ್ತಿದ್ದಳು, ಕಂಕುಳಲ್ಲಿದ್ದ ತಂಗಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಈಗ ಹಿರಿಯೂರಿನ ಒಂದು ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಆರಿಸುತ್ತೇನೆ. ಬೆಳಗಿನ ಬಸ್ಸಿಗೆ ಐಮಂಗಲದಿಂದ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುತ್ತೇನೆ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ನೀರಿನ ಸದ್ದು ಕೇಳಿಯೇ ಯಾವ ರಾಶಿಗೆ ಹಾಕಬೇಕೆಂದು ಗೊತ್ತಾಗುತ್ತದೆ. ನೋಡಲು ಚೆಂದವಿರುವ ಕಾಯಿ ಒಳಗೆ ಕೊಳೆತಿರುವುದನ್ನು ದಿನಕ್ಕೆ ಹತ್ತು ಸಲ ಕಾಣುತ್ತೇನೆ. ಹಾಗಾಗಿ ಚೆಂದವಾಗಿ ಕಂಡದ್ದನ್ನೆಲ್ಲ ಅಲ್ಲಾಡಿಸಿ ನೋಡುವುದು ನನಗೆ ಅಭ್ಯಾಸವಾಗಿಹೋಗಿದೆ.

ಮಂಡಿಗೆ ಬರುವ ಗಿರಾಕಿಗಳಿಗೂ ಒಂದು ಕ್ರಮವಿದೆ. ನಿಜವಾಗಿ ಕೊಳ್ಳುವವನು ಮೊದಲು ಹಳಿಯುತ್ತಾನೆ. ಕಾಯಿ ಸಣ್ಣದು, ಜುಟ್ಟು ಉದುರಿದೆ, ಹೋದ ಸಲದ ಮಾಲು ಇದಕ್ಕಿಂತ ಚೆನ್ನಾಗಿತ್ತು ಅನ್ನುತ್ತಾನೆ. ಬಂದ ಕೂಡಲೇ ಹೊಗಳುವವನನ್ನು ಕಂಡರೆ ನಮ್ಮ ಯಜಮಾನರು ನಮ್ಮ ಕಡೆ ಹುಬ್ಬು ಹಾರಿಸುತ್ತಾರೆ. ಇವನ ಮೇಲೆ ಒಂದು ಕಣ್ಣಿಡಿ ಎಂದು ಅರ್ಥ. ಹೊಸಬರು ಫೋನ್ ಮಾಡಿದರೆ ಮೊದಲ ಕರೆಗೆ ಯಜಮಾನರು "ನೋಡಾಣ" ಅನ್ನುತ್ತಾರೆ. ಎರಡನೇ ಕರೆಯನ್ನು ಎತ್ತುವುದೇ ಇಲ್ಲ. ಮೂರನೇ ಸಲವೂ ಫೋನ್ ಬಂದರೆ ಆಗ ಮಾತಿಗೆ ಕೂರುತ್ತಾರೆ. ಈ ಕ್ರಮ ತಪ್ಪಿದ್ದನ್ನು ನಾನು ಮಂಡಿಯಲ್ಲಿ ಕಂಡಿಲ್ಲ.

ನನ್ನ ತಂಗಿ ಕಬಡ್ಡಿ ಆಡುತ್ತಾಳೆ. ಹೈಸ್ಕೂಲಿನಲ್ಲಿ ಶುರು ಮಾಡಿದ್ದು, ಪಿಯುಸಿ ಹೊತ್ತಿಗೆ ಹಿರಿಯೂರು ತಾಲೂಕಿನಲ್ಲಿ ಅವಳ ರೈಡಿಗೆ ಎದುರು ನಿಲ್ಲುವವರು ಇರಲಿಲ್ಲ. ಎಡಗಾಲು ಮುಂದಿಟ್ಟು ಬಗ್ಗಿ ಹೋಗುತ್ತಿದ್ದಳು, ಹಾವು ಕಲ್ಲುಸಂದಿಗೆ ನುಗ್ಗಿದ ಹಾಗೆ. ಒಂದು ಪಂದ್ಯದಲ್ಲಿ ಅವಳನ್ನು ನೋಡಿದ ಚಿತ್ರದುರ್ಗದ ಕಾಲೇಜಿನ ಕಬಡ್ಡಿ ಕೋಚ್ ಅವಳಿಂದ ನನ್ನ ನಂಬರು ತೆಗೆದುಕೊಂಡಿದ್ದರು. ನಮ್ಮ ಮನೆಗೆ ಇದ್ದದ್ದು ನನ್ನದೊಂದೇ ಫೋನು. ಬರುವ ಶನಿವಾರ ತಮ್ಮ ಕಾಲೇಜಿನಲ್ಲೇ ಹೊಸದುರ್ಗದವರ ಮೇಲೆ ಪಂದ್ಯವಿದೆ, ಮನೆಯವರೊಬ್ಬರು ಜೊತೆಗೆ ಬಂದು ಕಾಲೇಜು ನೋಡಿಕೊಂಡು ಹೋಗಿ, ಇಷ್ಟವಾದರೆ ಸೀಟು, ಹಾಸ್ಟೆಲ್ಲು ಎಲ್ಲಾ ನಮ್ಮದೇ ಎಂದು ಅವಳ ಕೈಲೇ ಹೇಳಿ ಕಳಿಸಿದ್ದರು.

"ಎಲ್ಲಾ ಅವರದೇ ಆದ್ರೆ ನಮ್ಮದೇನಂತೆ?" ಎಂದೆ ಅವ್ವನಿಗೆ.

"ನೀನೇ ಹೋಗಿ ನೋಡ್ಕಂಡ್ ಬಾ. ನಂಗೇನ್ ತಿಳಿತೈತೆ" ಎಂದಳು ಅವ್ವ.

ಶನಿವಾರ ಚಿತ್ರದುರ್ಗಕ್ಕೆ ಹೋದಾಗ ಕಾಲೇಜಿನ ಗೇಟಿನ ಹತ್ತಿರವೇ ನಾನು ನಿಂತುಬಿಟ್ಟೆ. ತಂಗಿಯ ಮುಖ ಅಷ್ಟೆತ್ತರದ ಬ್ಯಾನರಿನಲ್ಲಿ ನಗುತ್ತಿತ್ತು. ಕೆಳಗೆ 'ಸುಸ್ವಾಗತ' ಎಂದು ಬರೆದಿತ್ತು. ನಾವು ಯಾರಿಗೂ ಫೋಟೊ ಕೊಟ್ಟಿರಲಿಲ್ಲ.

"ಲೇ, ನಿನ್ನ ಫೋಟೊ ಇವರಿಗೆ ಹೆಂಗ್ ಸಿಕ್ತು?"

"ಪಂದ್ಯದಾಗೆ ಯಾರೋ ತೆಗೆದಿರ್ಬೇಕು ಬಿಡಕ್ಕ. ಚೆನ್ನಾಗ್ ಬಂದೈತೆ ಅಲ್ವಾ?"

ಚೆನ್ನಾಗಿ ಬಂದದ್ದೇ ನನಗೆ ಸಂಕಟವಾಗಿತ್ತು.

ಕೋಚ್ ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಪೀಪಿ. "ಬರ್ರಿ ಬರ್ರಿ, ಕುಂತ್ಕಳ್ರಿ" ಎಂದು ಉಪ್ಪಿಟ್ಟು, ಕಾಫಿ ತರಿಸಿದರು. ತಂಗಿಗೆ ಏಳು ಎಂದು ಬರೆದ ಒಂದು ಟೀ ಶರ್ಟು ಕೊಟ್ಟರು. ಅವಳ ಉಸಿರು ಹೊಗಳಿದರು, ಕಾಲು ಹೊಗಳಿದರು, ಕೊನೆಗೆ ಅಂಥ ತಂಗಿಯನ್ನು ಬೆಳೆಸಿದ್ದಕ್ಕೆ ನನ್ನನ್ನೂ ಹೊಗಳಿದರು. ನಾನು ಕಾಫಿ ಕುಡಿಯದೆ ಲೋಟ ಕೆಳಗಿಟ್ಟೆ. ಒಂದಾದರೂ ಹುಳುಕು ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

ಹಾಸ್ಟೆಲ್ ನೋಡಬೇಕು ಎಂದೆ. ವಾರ್ಡನ್ ಹೆಂಗಸು ಕರೆದುಕೊಂಡು ಹೋದರು. ನಾನು ಬಚ್ಚಲಮನೆಗಳ ಚಿಲಕಗಳನ್ನು ಒಂದೊಂದಾಗಿ ಒಳಗಿನಿಂದ ಹಾಕಿ ತೆಗೆದು ನೋಡಿದೆ. ಕಿಟಕಿಯ ಸರಳು ಹಿಡಿದು ಜಗ್ಗಿದೆ. ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯ ಮುಚ್ಚಳ ಎತ್ತಿದೆ.

"ಏನಮ್ಮ, ನೀವು ಪೊಲೀಸ್ ಇಲಾಖೆಯೋರಾ?" ಎಂದು ವಾರ್ಡನ್ ನಕ್ಕರು.

"ಇಲ್ಲ, ಕಾಯಿ ಮಂಡಿಯೋಳು."

"ಹಂಗಾರೆ ನಮ್ಮ ಹುಡುಗೀರನ್ನೂ ಒಂದ್ಸಲ ಅಲ್ಲಾಡಿಸಿ ನೋಡ್ಬಿಡ್ರಿ. ಯಾರ ತಲೆಯಾಗೆ ಏನೈತೆ ನಮಗೂ ತಿಳೀಲಿ."

ಅಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ತಂಗಿಯೂ ನಕ್ಕಳು. ಚಿಲಕಗಳೆಲ್ಲ ಸರಿಯಾಗಿದ್ದವು. ಅವತ್ತು ಅದು ಸಮಾಧಾನವಾಗಲಿಲ್ಲ ನನಗೆ. ಇಷ್ಟು ಸರಿಯಾಗಿದ್ದರೆ ಹುಳುಕು ಎಲ್ಲೋ ಆಳದಲ್ಲಿರಬೇಕು ಅನ್ನಿಸಿತು.

ಪಂದ್ಯದ ಹೊತ್ತಿಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಹುಡುಗರು ಸಾಲಾಗಿ ಕುಂತಿದ್ದರು. ಹಾಸ್ಟೆಲ್ ಹುಡುಗಿಯರು ಊಟದ ಸ್ಟೀಲ್ ತಟ್ಟೆಗಳನ್ನೇ ಹೊತ್ತು ತಂದಿದ್ದರು, ಚಮಚದಲ್ಲಿ ಅವನ್ನು ಬಾರಿಸುತ್ತಿದ್ದರು. ಅದು ಅವರ ಕಾಲೇಜಿನ ಪದ್ಧತಿಯಂತೆ. ತಮ್ಮವರು ಪಾಯಿಂಟು ತೆಗೆದರೆ ತಟ್ಟೆ ಮೊಳಗುತ್ತದೆ, ಎದುರಿನವರು ತೆಗೆದರೆ ಎಲ್ಲ ತಟ್ಟೆಗಳೂ ಒಮ್ಮೆಗೇ ಸುಮ್ಮನಾಗುತ್ತವೆ. ಹೊಸದುರ್ಗದ ಹುಡುಗಿಯರಿಗೆ ಆ ಸದ್ದಿಗಿಂತ ಆ ಮೌನವೇ ಹೆದರಿಕೆ ಹುಟ್ಟಿಸಿದ ಹಾಗಿತ್ತು. ನಾನು ಮಾತ್ರ ಜನರ ಮುಖಗಳನ್ನೇ ನೋಡುತ್ತಿದ್ದೆ. ಇವರನ್ನೆಲ್ಲ ಹೇಳಿ ಕರೆಸಿದ್ದಾರೋ, ತಾವಾಗಿ ಬಂದಿದ್ದಾರೋ?

ಅರ್ಧ ಪಂದ್ಯ ಮುಗಿದಾಗ ಮೈಕಿನಲ್ಲಿ ತಂಗಿಯ ಹೆಸರು ಕೂಗಿದರು. ವಿರಾಮದಲ್ಲಿ ಕಾಲೇಜಿನ ಎರಡನೇ ತಂಡದ ಮೇಲೆ ಅವಳು ಒಂದೆರಡು ರೈಡ್ ಮಾಡುತ್ತಾಳೆ ಎಂದರು. ಅವಳು ಅದುವರೆಗೆ ಮಣ್ಣಿನಲ್ಲಿ, ಬರಿಗಾಲಲ್ಲಿ ಆಡಿದವಳು. ಇಲ್ಲಿ ಮ್ಯಾಟು. ಯಾರದೋ ಶೂ ಕೊಟ್ಟರು. ಮೊದಲ ರೈಡಿಗೆ ಎಡಗಾಲು ಊರಿದಳೋ ಇಲ್ಲವೋ, ಜಾರಿ ಮುಖ ಅಡಿಯಾಗಿ ಬಿದ್ದಳು.

"ಮ್ಯಾಟಿಗೆ ನಮಸ್ಕಾರ ಮಾಡಿದ್ಲು ಕಣ್ರೋ, ಒಳ್ಳೇ ಹುಡುಗಿ!" ಎಂದು ಗೋಡೆಯ ಮೇಲಿನವನೊಬ್ಬ ಕೂಗಿದ. ಮೈದಾನವೆಲ್ಲ ನಕ್ಕಿತು. ನನ್ನ ಮೈ ಉರಿಯಿತು. ಇದಕ್ಕೇ ಕರೆಸಿದ್ದು ಇವಳನ್ನು ಎಂದುಕೊಂಡೆ.

ಅವಳು ಎದ್ದು, ಮೊಣಕಾಲು ಒರೆಸಿಕೊಂಡು, ಲೇಸು ಬಿಗಿ ಮಾಡಿ ಮತ್ತೆ ಹೋದಳು. ಈ ಸಲ ಮೂವರನ್ನು ಮುಟ್ಟಿ, ನಾಲ್ಕನೆಯವಳ ಕೈಯಿಂದ ನುಣುಚಿ ಗೆರೆಗೆ ಬಂದು ಬಿದ್ದಳು. ಅಷ್ಟೂ ತಟ್ಟೆಗಳು ಮೊಳಗಿದವು. "ಐಮಂಗಲ! ಐಮಂಗಲ!" ಎಂದು ಗೋಡೆಯ ಹುಡುಗರು ಕುಣಿದರು. ನಮ್ಮೂರಿನ ಹೆಸರನ್ನು ಬಸ್ ಕಂಡಕ್ಟರು ಬಿಟ್ಟರೆ ಇನ್ಯಾರೂ ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ತಂಗಿ ಜನರ ನಡುವೆ ನನ್ನನ್ನು ಹುಡುಕಿ ಕೈ ಬೀಸಿದಳು. ನಾನು ಕೈ ಎತ್ತಲಿಲ್ಲ. ಆ ಕ್ಷಣದಲ್ಲಿ ನನ್ನೊಳಗೆ ಇದ್ದದ್ದೆಲ್ಲ ಅನುಮಾನವೇ ಅಲ್ಲ. ನಾನು ಕಂಕುಳಲ್ಲಿ ಹೊತ್ತವಳು ನನ್ನನ್ನು ದಾಟಿ ಹೋಗುತ್ತಿದ್ದಳು, ನಾನು ಬಿಟ್ಟ ಶಾಲೆಯ ಬಾಗಿಲಿನಿಂದಲೇ. ಅದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ಅನುಮಾನ ಎಂದು ಕರೆದುಕೊಂಡರೆ ಸುಲಭವಾಗಿತ್ತು.

ಹೊರಡುವಾಗ ಕೋಚ್ ಅವರನ್ನು ಕೇಳಿಯೇ ಬಿಟ್ಟೆ. "ಅವಳು ಬಿದ್ದಳಲ್ಲ ಸಾರ್, ಅದಕ್ಕೇನಂತೀರ?"

"ಬೀಳ್ಳಿ ಬಿಡಮ್ಮ. ಶೂ ದೊಡ್ಡದಿತ್ತು."

ಕಣ್ಣಿಗೆ ಕಂಡ ಹುಳುಕನ್ನೂ ಮುಚ್ಚುತ್ತಾರಲ್ಲ ಎಂದು ನನ್ನ ಅನುಮಾನ ಗಟ್ಟಿಯಾಯಿತು.

ಮೊದಲ ಕರೆ ಬಂದದ್ದು ಒಂದು ವಾರದ ಮೇಲೆ. ಸೀಟು ಅವಳಿಗೇ ಇಟ್ಟಿದ್ದೇವೆ, ಸೋಮವಾರದೊಳಗೆ ಒಪ್ಪಿಗೆ ಹೇಳಿ ಎಂದರು ಕೋಚ್. ನಾನು "ನೋಡಾಣ ಸಾರ್" ಎಂದೆ, ಯಜಮಾನರ ದನಿಯಲ್ಲೇ. ಆಗಲೇ ತಂಗಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದದ್ದು. "ಯಾರಕ್ಕ ಫೋನು?" ಎಂದು ಕೇಳಿದಳು. "ಮಂಡಿಯೋರು" ಎಂದೆ. ಎರಡನೇ ಕರೆ ಭಾನುವಾರ ಬಂತು. ನಾನು ಎತ್ತಲಿಲ್ಲ. ಫೋನು ನಡುಗಿ ನಡುಗಿ ಸುಮ್ಮನಾಯಿತು. ನಿಜವಾಗಿ ಬೇಕಾದವರು ಮೂರನೇ ಸಲ ಮಾಡುತ್ತಾರೆ, ಆಗ ತಂಗಿಯ ಕೈಗೇ ಕೊಡೋಣ ಎಂದುಕೊಂಡೆ.

ಸೋಮವಾರ ಮಂಡಿಯಲ್ಲಿ ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಕಾಯಿ ಆರಿಸಿದೆ. ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ನೋಡಿದಿಯಾ, ನಾನು ಹೇಳಿರಲಿಲ್ಲವಾ ಎಂದು ನನಗೆ ನಾನೇ ಹೇಳಿಕೊಂಡೆ. ನಾನೇ ಫೋನ್ ಮಾಡಬಹುದಿತ್ತು. ಅದನ್ನು ಮಾಡಲು ಎರಡು ನಿಮಿಷವೂ ಬೇಕಿರಲಿಲ್ಲ.

ಚಿತ್ರದುರ್ಗದಿಂದ ಫೋನ್ ಬಂತಾ ಎಂದು ತಂಗಿ ದಿನವೂ ಕೇಳುತ್ತಿದ್ದಳು, ನಾನು ಇಲ್ಲ ಅನ್ನುತ್ತಿದ್ದೆ. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಆ ಜಾಗಕ್ಕೆ ಹೊಸದುರ್ಗದ ಒಬ್ಬ ಹುಡುಗಿ ಸೇರಿದಳೆಂದು ಯಾರೋ ಹೇಳಿದರು. ತಂಗಿ ಹಿರಿಯೂರಿನ ಕಾಲೇಜು ಸೇರಿ ಅಲ್ಲಿನ ತಂಡದಲ್ಲಿ ಆಡತೊಡಗಿದಳು. ಆದರೆ ಅವಳ ಆಟ ಬೇರೆಯಾಗಿತ್ತು. ಎಡಗಾಲು ಮುಂದಿಡುವುದನ್ನೇ ಬಿಟ್ಟಿದ್ದಳು. ಮನೆಯ ಮುಂದಿನ ಅಂಗಳದಲ್ಲಿ ಸುಣ್ಣದ ಗೆರೆ ಹಾಕಿಕೊಂಡು ಬಲಗಾಲು ಮುಂದಿಟ್ಟು ಹೋಗುವುದನ್ನು ಕಲಿಯುತ್ತಿದ್ದಳು.

"ಚೆನ್ನಾಗೇ ಆಡ್ತಿದ್ದೆಯಲ್ಲ, ಯಾಕೆ ಬದಲು ಮಾಡ್ತೀಯ?" ಎಂದೆ ಒಮ್ಮೆ.

"ಅವತ್ತು ಎಡಗಾಲಿಗೇ ಅಲ್ವೇನಕ್ಕ ನಾನು ಬಿದ್ದಿದ್ದು? ಅದಕ್ಕೇ ಅವರು ಬ್ಯಾಡ ಅಂದಿದ್ದು."

ಅವತ್ತೇ ಹೇಳಬೇಕಿತ್ತು. ನಾನು ಒಳಗೆ ಹೋಗಿ ರಾಗಿ ಕೇರಿದೆ.

ಹೋದ ವರ್ಷ ಹೊಳಲ್ಕೆರೆಯಲ್ಲಿ ಕಾಲೇಜುಗಳ ಪಂದ್ಯ ನಡೆಯಿತು. ತಂಗಿ ಕರೆದಳೆಂದು ನಾನೂ ಹೋದೆ. ಅವಳು ಬಲಗಾಲು ಮುಂದಿಟ್ಟು ಹೋದಳು, ಮೂರು ಸಲ ಸಿಕ್ಕಿಬಿದ್ದಳು. ಬೆಳಗ್ಗೆಯೇ ಅವರ ತಂಡ ಸೋತಿತು. ಚಿತ್ರದುರ್ಗದ ಕಾಲೇಜಿನವರೂ ಬಂದಿದ್ದರು. ಅದೇ ತಟ್ಟೆಗಳ ಸದ್ದು ಕೇಳಿ ತಿರುಗಿದರೆ ಪಕ್ಕದಲ್ಲಿ ಕೋಚ್ ನಿಂತಿದ್ದರು.

"ನೀವು ಐಮಂಗಲದೋರಲ್ವಾ? ಆ ಮಗು ಎಡಗಾಲು ಯಾಕಮ್ಮ ಬಿಟ್ಟೈತೆ? ಅದೇ ಅಲ್ವಾ ಅದರ ಆಟ?"

"ನೀವು ಮೂರನೇ ಸಲ ಯಾಕೆ ಫೋನ್ ಮಾಡ್ಲಿಲ್ಲ ಸಾರ್?" ಎಂದೆ.

ಅವರು ನನ್ನ ಮುಖ ನೋಡಿದರು. "ಹೆಣ್ಣುಮಗಳ ವಿಷಯ ಅಲ್ವೇನಮ್ಮ. ಎರಡು ಸಲ ಮಾಡ್ದೆ. ಮನೆಯೋರಿಗೆ ಇಷ್ಟ ಇಲ್ಲ ಅಂತ ತಿಳ್ಕಂಡೆ. ಮ್ಯಾಲಿಂದ ಮ್ಯಾಲೆ ಫೋನ್ ಮಾಡಿದ್ರೆ ನೀವು ಏನಂದ್ಕಳ್ತೀರ, ಊರೋರು ಏನಂತಾರೆ?"

ಅವರು ಮರ್ಯಾದೆಗೆ ಸುಮ್ಮನಾಗಿದ್ದರು. ನಾನು ಅದನ್ನೇ ಮೋಸದ ಗುರುತು ಎಂದು ಹಿಡಿದುಕೊಂಡು ಕುಂತಿದ್ದೆ.

ಮಧ್ಯಾಹ್ನದ ಬಸ್ಸಿನಲ್ಲಿ ತಂಗಿ ಕಿಟಕಿಯ ಹತ್ತಿರ ಕುಂತು ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು. ಚಿತ್ರದುರ್ಗ ದಾಟಿ ಬಸ್ಸು ಹೆದ್ದಾರಿಗೆ ಬಂದ ಮೇಲೆ ಹೇಳಿದೆ.

"ಅವತ್ತು ಫೋನ್ ಬಂದಿತ್ತು ಕಣೆ."

"ಯಾವ ಫೋನು?"

"ಕೋಚ್ ಮಾಡಿದ್ರು. ನಿಂಗೆ ಸೀಟು ಇಟ್ಟೀವಿ ಅಂದಿದ್ರು. ನಾನು ನಿಂಗೆ ಹೇಳ್ಲಿಲ್ಲ."

ಅವಳು ಪಟ್ಟಿ ಬಿಚ್ಚುವುದನ್ನು ನಿಲ್ಲಿಸಿದಳು. "ಎಷ್ಟು ಸಲ?"

"ಎರಡು."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ತನ್ನ ಎಡಗಾಲನ್ನು ನೋಡಿದಳು, ಅದು ಬೇರೆ ಯಾರದೋ ಕಾಲು ಅನ್ನುವ ಹಾಗೆ. "ಹಂಗಾರೆ ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ?"

"ಏನೂ ಆಗಿರ್ಲಿಲ್ಲ. ಶೂ ದೊಡ್ಡದಿತ್ತು."

ಐಮಂಗಲದಲ್ಲಿ ಇಳಿದವಳೇ ನನ್ನನ್ನು ಕಾಯದೆ ನಡೆದಳು. ಚೀಲ ಅವಳ ಬೆನ್ನಿಗೆ ಬಡಿಯುತ್ತಿತ್ತು. ಸರ್ವಿಸ್ ರಸ್ತೆಯ ಟೀ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಉಳಿದದ್ದನ್ನು ಮನೆ ಸೇರಿದ ಮೇಲೆ ಮೆತ್ತಗೆ ಹೇಳೋಣ ಎಂದು ಮನಸ್ಸು ಮತ್ತೆ ದಾರಿ ಹುಡುಕಿತು. ಆದರೆ ನಾನು ಅಲ್ಲೇ ನಿಂತು ಅವಳ ಹೆಸರು ಹಿಡಿದು ಕೂಗಿದೆ, ಅವತ್ತು ಹಿತ್ತಲಿಗೆ ಕೂಗಬೇಕಿದ್ದಷ್ಟು ಜೋರಾಗಿ. ಟೀ ಕುಡಿಯುವವರೂ ತಿರುಗಿದರು. ಅವಳು ನಿಂತಳು, ತಿರುಗಲಿಲ್ಲ.

"ತಪ್ಪು ನಂದು ಕಣೆ. ಕೋಚ್‌ದಲ್ಲ, ನಿನ್ನ ಕಾಲಿಂದೂ ಅಲ್ಲ. ನೀನು ಮುಂದೆ ಹೋಗೋದನ್ನ ನೋಡಕ್ಕೆ ನನ್ನ ಕೈಲಿ ಆಗ್ಲಿಲ್ಲ, ಅದಕ್ಕೇ ಮುಚ್ಚಿಟ್ಟೆ. ತಪ್ಪಾಯ್ತು, ನನ್ನ ಕ್ಷಮಿಸು."